ನನ್ನ ತಮ್ಮ ಆರಿಸಿದ ಬ್ರೇಕ್ ಪ್ಯಾಡು

ಬ್ರೇಕ್ ಪ್ಯಾಡಿನದು ಏನೂ ತಪ್ಪಿರಲಿಲ್ಲ. ಅದನ್ನು ಆರಿಸಿದವನದೂ ತಪ್ಪಿರಲಿಲ್ಲ. ತಪ್ಪು ನನ್ನದು. ನಿಜವಾಗಿ ಆದದ್ದು ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಒಂದು ಸೂತಕ ಕಳೆಯುವಷ್ಟು ದಿನ ಹಿಡಿಯಿತು, ಅದು ಇನ್ನೊಂದು ನಾಚಿಕೆ.

ಹಾಗಂತ ಅವನಿಗೆ ಹುಚ್ಚಿಲ್ಲ ಎಂದು ನಾನು ಹೇಳಿದೆ ಅಂದುಕೊಳ್ಳಬೇಡಿ. ಹುಚ್ಚು ಇದೆ. ಆಂಧ್ರದ ಗಡಿಯ ನಮ್ಮ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರು ಮನೆಗೊಬ್ಬರು ಸಿಗುತ್ತಾರೆ. ಆದರೆ ಐವತ್ತು ದಾಟಿದ ಮೇಲೆ ರೇಸಿನವರು ಓಡಿಸುವ ಜಾಗದಲ್ಲಿ ತಾನೂ ಕಾರು ಓಡಿಸಬೇಕು ಎಂದು ಹಟ ಹಿಡಿದ ಕಟಿಂಗ್ ಮಾಸ್ಟರು ಇಡೀ ಊರಿಗೆ ಒಬ್ಬನೇ. ಆ ಒಬ್ಬ ನಮ್ಮ ಮನೆಗೇ ಸಿಗಬೇಕೆ! ಅದೂ ಎರಡೆರಡು ಸಲ!

ಎರಡು ಸಲ ಯಾಕೆಂದರೆ, ಅವನು ನನಗೆ ತಮ್ಮ, ಅವನೇ ನನಗೆ ಅಳಿಯ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಬೀಗರನ್ನು ಹುಡುಕಿಕೊಂಡು ಊರೂರು ತಿರುಗಬೇಕಾಗಿಲ್ಲ, ಅಷ್ಟು ಅನುಕೂಲ. ಕಷ್ಟ ಇರುವುದು ಬೈಯುವುದರಲ್ಲಿ. ತಮ್ಮ ಎಂದು ಬೈಯಲು ಹೊರಟರೆ ಮಗಳು "ಅಳಿಯಗ ಹಂಗ ಅಂತಾರೇನಮ್ಮಾ?" ಎಂದು ಮುಖ ಊದಿಸುತ್ತಾಳೆ. ಅಳಿಯ ಎಂದು ಮರ್ಯಾದೆ ಕೊಡಲು ಹೋದರೆ ಅವನಿಗೇ ನಗು ಬರುತ್ತದೆ. ಬರದೇ ಏನು? ಅವನ ಮೂಗು ಒರೆಸಿದ ಕೈ ನನ್ನದು. ಆದ್ದರಿಂದ ನಾನೊಂದು ಕ್ರಮ ಮಾಡಿಕೊಂಡಿದ್ದೇನೆ. ಮಧ್ಯಾಹ್ನದ ಊಟದವರೆಗೆ ತಮ್ಮ, ಊಟದ ಮೇಲೆ ಅಳಿಯ. ಬೈಯುವುದು ಏನಿದ್ದರೂ ಬೆಳಿಗ್ಗೆಯೇ ಮುಗಿಸಿಬಿಡುತ್ತೇನೆ.

ನಾವು ಹುಟ್ಟಿದ್ದು ಮಡಕಶಿರಾ ಕಡೆ, ರತ್ನಗಿರಿ ಬೆಟ್ಟದ ಕೆಳಗೆ. ನಾನು ರಾಯದುರ್ಗಕ್ಕೆ ಸೊಸೆಯಾಗಿ ಬಂದೆ. ಇಲ್ಲಿ ಜೀನ್ಸ್ ಹೊಲಿಗೆ ಜೋರಾದಾಗ ಅವನೂ ಒಂದು ಟ್ರಂಕು ಹೊತ್ತುಕೊಂಡು ನನ್ನ ಹಿಂದೆ ಬಂದ. ಇಷ್ಟು ವರ್ಷ ಕಳೆದರೂ ನಾವಿಬ್ಬರು ಬಾಯಿ ತೆಗೆದರೆ ಆ ಕಡೆಯ ಮಾತೇ. ಬೀದಿಯವರೆಲ್ಲ 'ಏನ್ರಿ, ಬರ್ರಿ' ಅನ್ನುತ್ತಿದ್ದರೆ ನಾವು 'ಏನ್ಲಾ, ಬಾರ್ಲಾ' ಅನ್ನುತ್ತಿರುತ್ತೇವೆ. ಕೆಲಸದಲ್ಲಿ ಮಾತ್ರ ಅವನನ್ನು ಆಡಿಕೊಳ್ಳುವ ಹಾಗಿಲ್ಲ. ಬಟ್ಟೆಯನ್ನು ಮೊಣಕಾಲೆತ್ತರ ಒಟ್ಟಿ ಕಟಿಂಗ್ ಮಿಷನ್ ಓಡಿಸಿದರೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬರದು. ಬೀದಿಯ ಹೆಂಗಸರು ಹೊಲಿದಿಟ್ಟ ಪ್ಯಾಂಟಿನ ಬಂಡಲುಗಳನ್ನು ತನ್ನ ಹಳೇ ಕಾರಿನಲ್ಲಿ ತುಂಬಿಕೊಂಡು ವಾಷಿಂಗ್ ಯೂನಿಟ್ಟಿಗೆ ಮುಟ್ಟಿಸುವುದೂ ಅವನ ಕೆಲಸವೇ. ಈ ಕಾರಿನಿಂದಲೇ ಎಲ್ಲ ಶುರುವಾದದ್ದು.

ಮದ್ರಾಸಿನ ಆಚೆ ಒಂದು ಜಾಗವಿದೆಯಂತೆ. ಅಲ್ಲಿ ರೇಸಿನವರು ಇಲ್ಲದ ದಿನ ಮೊದಲೇ ಹೆಸರು ಬರೆಸಿದರೆ ಯಾರ ಕಾರನ್ನಾದರೂ ಒಳಗೆ ಬಿಡುತ್ತಾರಂತೆ. ಎದುರಿಗೆ ಲಾರಿ ಇಲ್ಲ, ಎಮ್ಮೆ ಇಲ್ಲ, ಎಷ್ಟು ಜೋರಾಗಿ ಬೇಕಾದರೂ ಓಡಿಸಬಹುದಂತೆ. ಇದನ್ನು ಫೋನಿನಲ್ಲಿ ನೋಡಿದ್ದೇ ನೋಡಿದ್ದು, ಅವನಿಗೆ ಅನ್ನ ಸೇರದಾಯಿತು. ಒಂದು ದಿನ ಹೋಗಿಯೇ ಬಂದ. ಮುಖ ಸಪ್ಪಗಿತ್ತು. ಬೆಳಗಿನ ಹೊತ್ತಾದ್ದರಿಂದ ತಮ್ಮನೇ ಆಗಿದ್ದ, ಕೇಳಿದೆ.

"ಎಲ್ಲೀಗಂಟ ಓಡಿಸ್ದೆಲಾ?"

"ಎಲ್ಲೀಗಂಟಾನೂ ಇಲ್ಲ ಕಣಕ್ಕ. ಅಲ್ಲೇ ಸುತ್ತು ಹಾಕೋದು. ಒಂಟಿದ್ದ ಜಾಗಕ್ಕೇ ವಾಪಸ್ ಬರೋದು."

"ಮಧ್ಯದಾಗೆ ದೇವ್ರಿತ್ತಾ?"

"ಇಲ್ಲ. ಹುಲ್ಲಿತ್ತು."

ಹುಲ್ಲಿಗೆ ಪ್ರದಕ್ಷಿಣೆ ಹಾಕಲು ಮದ್ರಾಸಿಗೆ ಹೋದವರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ, ದಿನಾ ಅವನಿಗೆ ಮುದ್ದೆ ಬಡಿಸುತ್ತೇನೆ.

ಮುಖ ಸಪ್ಪಗಿದ್ದ ಕಾರಣ ಆಮೇಲೆ ಗೊತ್ತಾಯಿತು. ಮೂರನೇ ಸುತ್ತಿಗೆ ಇವನ ಕಾರಿನ ಚಕ್ರದಿಂದ ಹೊಗೆ ಎದ್ದಿತಂತೆ. ಬ್ರೇಕು ತುಳಿದರೆ ಹತ್ತಿಯ ಮೂಟೆ ತುಳಿದ ಹಾಗೆ ಕಾಲು ಒಳಗೆ ಹೋಯಿತಂತೆ. ಅಲ್ಲಿಯವರು ಬಾವುಟ ಬೀಸಿ ಇವನನ್ನು ಪಕ್ಕಕ್ಕೆ ನಿಲ್ಲಿಸಿದರು. ಮಿಕ್ಕ ದಿನವೆಲ್ಲ ಇವನು ತಗಡಿನ ನೆರಳಲ್ಲಿ ಕೂತು ಬೇರೆಯವರು ಸುತ್ತುವುದನ್ನು ನೋಡಿ ಬಂದ. ಮಕ್ಕಳನ್ನೇ ಆಟಕ್ಕೆ ಸೇರಿಸದೆ ಕೂರಿಸಿದರೆ ಅಳುತ್ತವೆ. ಇವನು ಅಳಲಿಲ್ಲ, ಅಷ್ಟೇ ವ್ಯತ್ಯಾಸ.

"ಒಂದ್ಸಲ ಕಣಕ್ಕ. ಒಂದೇ ಒಂದ್ಸಲ ಹತ್ತು ಸುತ್ತು ಪೂರ್ತಿ ಸುತ್ತಿ ಬಂದ್ಬುಟ್ರೆ ಸಾಕು ನಂಗೆ. ಇಂಜಿನ್ ಎಂಗಾನ ಇರ್ಲಿ. ಬ್ರೇಕ್ ಪ್ಯಾಡು ಸರೀಗಿರ್ಬೇಕು. ಓಡಿಸೋದು ಯಾರಾದ್ರೂ ಓಡಿಸ್ತಾರೆ. ನಿಲ್ಸೋನೇ ಡ್ರೈವರು."

ಅಂದಿನಿಂದ ಮನೆಯಲ್ಲಿ ಬ್ರೇಕ್ ಪ್ಯಾಡಿನದೇ ಪುರಾಣ. ಚಕ್ರದ ಒಳಗೆ ಕಬ್ಬಿಣದ ಒಂದು ತಟ್ಟೆ ತಿರುಗುತ್ತಿರುತ್ತದೆ. ಅದರ ಎರಡೂ ಕಡೆ ಬಿಲ್ಲೆಯಂಥವು ಇರುತ್ತವೆ. ಬ್ರೇಕು ತುಳಿದರೆ ಅವೆರಡೂ ತಟ್ಟೆಯನ್ನು ಅಮುಕಿ ಹಿಡಿಯುತ್ತವೆ. ಆ ಬಿಲ್ಲೆಯೇ ಪ್ಯಾಡು. ಇಷ್ಟು ನನಗೂ ತಲೆಗೆ ಹೋಯಿತು. ಆದರೆ ಅದರಲ್ಲಿ ಎಷ್ಟು ಜಾತಿ! ಮೆತ್ತಗಿನದು ಊರಲ್ಲಿ ಓಡಾಡುವುದಕ್ಕೆ ಚೆನ್ನ, ಕಾದರೆ ಕೈಬಿಡುತ್ತದೆ. ರೇಸಿನ ಗಟ್ಟಿಯದು ಕಾದ ಮೇಲೆಯೇ ಕೆಲಸ ಮಾಡುವುದು.

"ತಣ್ಣಗಿದ್ದಾಗ ಕಚ್ಚಲ್ಲ ಕಣಕ್ಕ. ಬಿಸಿ ಆತು ಅಂದ್ರೆ ಬಿಡಲ್ಲ."

"ಅದ್ಯಾರಂಗೆ ಹೇಳ್ಲಾ, ಅರ್ಥ ಆಗ್ಬೇಕಲ್ಲ ನಂಗೆ."

"ನಮ್ಮತ್ತೇರಂಗೆ ಅಂದ್ಕೊ."

ಅವನ ಅತ್ತೆ ಯಾರು? ನಾನೇ! ಎದ್ದು ಸೌಟು ತರುವಷ್ಟರಲ್ಲಿ ಅವನು ಬೀದಿಯಲ್ಲಿದ್ದ.

ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲಸದಲ್ಲಿರುವ ಮೊಮ್ಮಗಳು, ಅಂದರೆ ಅವನ ಮಗಳು, ಅಪ್ಪನ ಕಾಟ ತಾಳದೆ ಮೂರು ಥರದ ಪ್ಯಾಡು ಬಸ್ಸಿನಲ್ಲಿ ಕಳಿಸಿದಳು. ಒಂದು ಇಟ್ಟುಕೊಂಡು ಎರಡು ವಾಪಸ್ ಕಳಿಸಬೇಕು ಎಂದು ಕರಾರು. ಇವನು ಕಟಿಂಗ್ ಟೇಬಲ್ಲಿನ ಮೇಲೆ ಬಿಳಿ ಕಾಗದ ಹಾಸಿ ಮೂರನ್ನೂ ಸಾಲಾಗಿ ಇಟ್ಟ. ಬಟ್ಟೆ ನೋಡಿದ ಹಾಗೇ ನೋಡಿದ. ಹೆಬ್ಬೆರಳಿನಿಂದ ಉಜ್ಜಿದ, ಉಗುರಿನಿಂದ ಕೆರೆದ, ಮೂಸಿದ. ನಾವು ಬಟ್ಟೆಯ ನೂಲು ಎಳೆದು ಸುಟ್ಟು, ವಾಸನೆಯಿಂದಲೇ ಹತ್ತಿ ಎಷ್ಟು, ಪಾಲಿಸ್ಟರ್ ಎಷ್ಟು ಎಂದು ಹೇಳುತ್ತೇವೆ ನೋಡಿ, ಹಾಗೆ ಪ್ಯಾಡಿನ ಪುಡಿಯನ್ನೂ ಬೆಂಕಿಕಡ್ಡಿಯಿಂದ ಸುಡಲು ಹೋದ. ಅದು ಉರಿಯಲಿಲ್ಲ. ಕಡ್ಡಿ ಪೆಟ್ಟಿಗೆ ಖಾಲಿಯಾಯಿತು. "ನೋಡ್ದಾ, ಎಷ್ಟು ಬಿಸಿ ತಡೀತೈತೆ!" ಎಂದು ಖುಷಿಪಟ್ಟ. ಆ ದಿನ ನಾನು ಒಲೆ ಹಚ್ಚಲು ಎದುರು ಮನೆಯಿಂದ ಕಡ್ಡಿ ತಂದೆ.

ಮೂರು ದಿನ ಕಳೆದರೂ ಮೂರೂ ಟೇಬಲ್ಲಿನ ಮೇಲೇ ಇದ್ದವು. ನನ್ನ ಮಗಳು ಕಾಜಾ ಹಾಕುತ್ತಿದ್ದವಳು ತಲೆ ಎತ್ತದೆ ಕೇಳಿದಳು. ಗಂಡನನ್ನು ಅವಳು ಈಗಲೂ ಮಾವ ಎಂದೇ ಕರೆಯುವುದು.

"ಮಾವಾ, ನನ್ನ ಆರಿಸಾಕ ಎಷ್ಟು ದಿನ ತಗಂಡಿದ್ದಿ?"

"ನಿನ್ನ ಆರಿಸಿದ್ದು ನಾನೆಲ್ಲಿ? ನಿಮ್ಮವ್ವ."

ಕೊನೆಗೆ ನಡುವಿನದನ್ನು ಆರಿಸಿದ. ಅದರಲ್ಲಿ ಲೋಹದ ಪುಡಿ ಬೆರೆತಿರುತ್ತದಂತೆ. ಪೂರ್ತಿ ರೇಸಿನದು ಯಾಕೆ ಬೇಡ ಎಂದರೆ, ಮದ್ರಾಸಿಗೆ ಹೋಗುವುದೂ ಅದೇ ಕಾರಿನಲ್ಲಿ, ಬರುವುದೂ ಅದೇ ಕಾರಿನಲ್ಲಿ, ನಾಳೆ ಬಂಡಲು ಹೊರುವುದೂ ಅದೇ ಕಾರಿನಲ್ಲಿ. ಊರಲ್ಲೂ ನಿಲ್ಲಬೇಕು, ಅಲ್ಲೂ ನಿಲ್ಲಬೇಕು. ಹೇಳಿ, ಇದು ತಲೆ ಕೆಟ್ಟವನ ಲೆಕ್ಕವೇ? ನಾನು ಒಪ್ಪಿದೆ. ಬಾಯಲ್ಲಿ ಒಪ್ಪಲಿಲ್ಲ, ಮನಸ್ಸಿನಲ್ಲಿ.

ಹೊಸ ಪ್ಯಾಡು ಹಾಕಿದ ಮೇಲೆ ಅದನ್ನು ಪಳಗಿಸಬೇಕಂತೆ. ಡಿ. ಹಿರೇಹಾಳ್ ಕಡೆಯ ಖಾಲಿ ರಸ್ತೆಯಲ್ಲಿ ಜೋರಾಗಿ ಓಡಿಸಿ ಬ್ರೇಕು ಒತ್ತುವುದು, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸುವುದು, ಮತ್ತೆ ಒತ್ತುವುದು. ಬೊಮ್ಮನಹಾಳಿನ ನೆಂಟರ ಮನೆಗೆ ಬಿಡುತ್ತೇನೆ ಎಂದು ಆಸೆ ತೋರಿಸಿ ನನ್ನನ್ನು ಹಿಂದೆ ಕೂರಿಸಿಕೊಂಡ. ನನ್ನ ತಲೆ ಮುಂದಕ್ಕೆ ಹೋಗುವುದು, ಹಿಂದಕ್ಕೆ ಬರುವುದು. ಮುಂದಕ್ಕೆ ಹೋಗುವುದು, ಹಿಂದಕ್ಕೆ ಬರುವುದು. ಹತ್ತು ಸಲ ಆದ ಮೇಲೆ ಪ್ಯಾಡು ತಣ್ಣಗಾಗಲಿ ಎಂದು ನಿಧಾನಕ್ಕೆ ಬಿಟ್ಟ. ಹೊಲದಲ್ಲಿ ಕಳೆ ಕೀಳುತ್ತಿದ್ದ ಒಬ್ಬಾಕೆ ಬದುವಿನ ಮೇಲೆ ಓಡಿ ಬಂದು ಕೂಗಿದಳು.

"ಯಪ್ಪಾ, ಯಾಕ ಹಂಗ ಗಾಡಿ ಜಗ್ಗಾಕತ್ತೀರಿ? ಒಳಗ ಇರೋ ಅಮ್ಮಗ ಏನಾಗೇತ್ರಿ?"

"ಏನೂ ಆಗಿಲ್ಲ, ಬ್ರೇಕ್ ಪಳಗಿಸ್ತಾ ಇವ್ನಿ," ಎಂದ ಇವನು.

"ಬ್ರೇಕ್ ಪಳಗತೈತೋ ಇಲ್ಲೋ, ಅಮ್ಮ ಪಳಗ್ಯಾಳ ನೋಡ್ರಿ!"

ಇಲ್ಲಿಯವರೆಗೆ ನಗುವುದು ಸುಲಭ. ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಆ ಪ್ಯಾಡಿಗೆ ಒಂದು ಗುಣ. ತಣ್ಣಗಿದ್ದಾಗ ಕೂಗುತ್ತದೆ. ಸಣ್ಣ ಕೂಗಲ್ಲ, ಕಿವಿಯಲ್ಲಿ ಸೂಜಿ ಆಡಿಸಿದ ಹಾಗೆ. "ಅದರ ಜಾತಿನೇ ಅಂಗೆ ಕಣಕ್ಕ, ಅದೇನ್ ತಪ್ಪಲ್ಲ," ಎಂದು ಅವನು ಹೇಳಿದ್ದ. ನಾನು ಕೇಳಿಸಿಕೊಂಡೆ, ನಂಬಲಿಲ್ಲ. ಯಾಕೆಂದರೆ ನಮ್ಮ ಬೀದಿಯಲ್ಲಿ ಪ್ರತಿ ಮನೆಯಲ್ಲೂ ಹೊಲಿಗೆ ಮಿಷನ್ ಓಡುತ್ತದೆ, ಮತ್ತು ಮಿಷನ್ ಕೂಗಿದರೆ ಅದು ಮಿಷನ್ನಿನ ತಪ್ಪಲ್ಲ, ಮನೆಯಾಕೆಯ ತಪ್ಪು. ಎಣ್ಣೆ ಬಿಡದ ಸೋಮಾರಿ ಎಂದು ಅರ್ಥ. ವಾರಕ್ಕೊಮ್ಮೆ ತಿರುಗುವ ಪ್ರತಿ ಕೀಲಿಗೂ ಎಣ್ಣೆ ಬಿಟ್ಟು ಒರೆಸಿ ಇಡುವುದು ನಮ್ಮ ಧರ್ಮ. ಮೂವತ್ತು ವರ್ಷದಲ್ಲಿ ನನ್ನ ಮಿಷನ್ ಒಂದು ದಿನ 'ಕಿರ್' ಎಂದಿಲ್ಲ. ಅಂಥ ನನ್ನ ಮನೆಯ ಮುಂದೆ ದಿನಾ ಕಾರು ಕೂಗುವುದೆಂದರೆ!

ಎದುರು ಮನೆಯ ಹುಲಿಗೆಮ್ಮ ಬಿಡುತ್ತಾಳೆಯೇ? ಬಾಗಿಲಲ್ಲಿ ಕೂತು ಪ್ಯಾಂಟಿನ ದಾರ ಕತ್ತರಿಸುತ್ತ, ಇಡೀ ಬೀದಿಗೆ ಕೇಳುವ ಹಾಗೆ ಅಂದಳು.

"ಯಕ್ಕಾ, ನಿಮ್ಮ ಮನ್ಯಾಗ ಎಣ್ಣಿ ತೀರೈತೇನು? ಒಂದು ಬಟ್ಲ ಕಳಸ್ಲೇನು?"

ನನಗೆ ಎಣ್ಣೆ ಕಳಿಸುವುದೆ! ಅದೇ ಮಧ್ಯಾಹ್ನ ಅವನು ಊಟ ಮಾಡಿ ಮಲಗಿದ್ದಾಗ, ಕೊಕ್ಕರೆ ಕೊಕ್ಕಿನಂಥ ಮೂತಿಯ ಎಣ್ಣೆ ಡಬ್ಬಿ ಹಿಡಿದು ಹೊರಗೆ ಹೋದೆ. ಚಕ್ರದ ಸಂದಿಯಲ್ಲಿ ಆ ತಟ್ಟೆ ಹೊಳೆಯುತ್ತಿತ್ತು. ಮುಂದಿನ ಎರಡು ಚಕ್ರಕ್ಕೂ ಬಿಟ್ಟೆ. ಹೊಲಿಗೆ ಮಿಷನ್ನಿಗಾದರೆ ಎರಡು ಹನಿ ಸಾಕು. ಇದು ಇಷ್ಟು ದೊಡ್ಡ ಗಾಡಿ, ಎರಡು ಹನಿ ಯಾವ ಮೂಲೆಗೆ? ಡಬ್ಬಿ ಪೂರ್ತಿ ಬಗ್ಗಿಸಿದೆ. ಹೇಳುತ್ತೇನೆ ಕೇಳಿ, ಅದಕ್ಕಿಂತ ಜೋಪಾನವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಮಾರನೆಯ ದಿನ ಮುಂಜಾನೆ ಅವನು ಮದ್ರಾಸಿಗೆ ಹೊರಡುವುದಿತ್ತು. ಅವತ್ತೇ ಸಂಜೆ ಚಕ್ರಕ್ಕೆ ಗಾಳಿ ತುಂಬಿಸಿಕೊಂಡು ಬರಲು ಕಾರು ತೆಗೆದ. ಕಾರು ಕೂಗಲಿಲ್ಲ. ನಾನು ಬಾಗಿಲಲ್ಲಿ ನಿಂತು ಹುಲಿಗೆಮ್ಮ ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದೆ. ಎಷ್ಟು ಹೆಮ್ಮೆ ನನಗೆ! ಅವಳು ಆಗ ಬೀದಿಯ ಕೊನೆಗೆ, ಇಳಿಜಾರು ಮುಗಿಯುವ ಕಡೆ, ಹಗ್ಗಕ್ಕೆ ನೇತುಹಾಕಿದ ಹಸಿ ಪ್ಯಾಂಟುಗಳ ಪಕ್ಕದಲ್ಲಿ ನಿಂತಿದ್ದಳು. ಕಾರು ಇಳಿಜಾರಿಗೆ ಬಂತು. ನಿಧಾನವಾಗಬೇಕಾದ ಕಡೆ ನಿಧಾನವಾಗಲಿಲ್ಲ. ಜಾರುಬಂಡೆಯ ಮೇಲೆ ಮಗು ಜಾರಿದ ಹಾಗೆ ಸದ್ದಿಲ್ಲದೆ ಹೋಯಿತು. ಅವನು ಹ್ಯಾಂಡ್ ಬ್ರೇಕ್ ಎಳೆದ, ಸ್ಟಿಯರಿಂಗ್ ತಿರುಗಿಸಿದ. ಹುಲಿಗೆಮ್ಮ ಪಕ್ಕಕ್ಕೆ ಹಾರಿ ಬಿದ್ದಳು. ಕಾರು ಹಗ್ಗಕ್ಕೆ ನುಗ್ಗಿ, ಇದ್ದಬದ್ದ ಪ್ಯಾಂಟುಗಳನ್ನೆಲ್ಲ ಮೈಮೇಲೆ ಎಳೆದುಕೊಂಡು, ಮರಳಿನ ಗುಡ್ಡೆಗೆ ಮೂತಿ ಹಾಕಿ ನಿಂತಿತು. ಗಾಜಿನ ಮೇಲೆ, ಕನ್ನಡಿಯ ಮೇಲೆ, ಎಲ್ಲ ಕಡೆ ಪ್ಯಾಂಟಿನ ಕಾಲುಗಳು. ನೋಡಿದವರು ಮೊದಲು ನಕ್ಕರು. ಹುಲಿಗೆಮ್ಮ ಏಳಲಿಲ್ಲ ನೋಡಿ, ಆಗ ನಗು ನಿಂತಿತು.

ಕಾಲು ಉಳುಕಿತ್ತು, ಮುರಿದಿರಲಿಲ್ಲ. ಇನ್ನೊಂದು ಮಾರು ಈ ಕಡೆ ನಿಂತಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಇವತ್ತಿಗೂ ಪೂರ್ತಿ ಯೋಚಿಸುವುದಿಲ್ಲ, ಅರ್ಧಕ್ಕೇ ಬಿಡುತ್ತೇನೆ. ಅವನು ಕಾರಿನಿಂದ ಇಳಿದವನೇ ಮೊದಲು ಅವಳ ಹತ್ತಿರ ಓಡಿದ. ಅವಳನ್ನು ಎತ್ತಿ ಕೂರಿಸಿದ ಮೇಲೆ ಚಕ್ರದ ಮುಂದೆ ಕೂತು ಸ್ವಲ್ಪ ಹೊತ್ತು ನೋಡಿದ. ಎದ್ದು, ನೆರೆದವರಿಗೆಲ್ಲ ಹೇಳಿದ.

"ನಂದೇ ತಪ್ಪು. ಪ್ಯಾಡು ಆರಿಸೋದ್ರಾಗೆ ಎಡವಿಬಿಟ್ಟೆ."

ನಾನು ಬಾಯಿ ತೆಗೆಯಬೇಕಾಗಿದ್ದುದು ಆಗ. ತೆಗೆಯಲಿಲ್ಲ. ಕಾರಣ ಏನು ಎಂದು ಸುತ್ತಿ ಬಳಸಿ ಹೇಳುವುದಿಲ್ಲ. ಹೆದರಿದೆ, ಅಷ್ಟೇ.

ಬೀದಿಯವರು ಅವನಿಗೆ ತೆಲುಗಿನಲ್ಲಿ 'ಬ್ರೇಕ್ ಲೇನಿ ಮಾಸ್ಟರು' ಎಂದು ಹೆಸರಿಟ್ಟರು. ಬ್ರೇಕಿಲ್ಲದ ಮಾಸ್ಟರು. ನಮ್ಮೂರಲ್ಲಿ ಆಡಿಕೊಳ್ಳುವುದಕ್ಕೆ ತೆಲುಗು, ಜಗಳಕ್ಕೆ ಕನ್ನಡ. ಹೆಸರಿನಿಂದ ಯಾರೂ ಸಾಯುವುದಿಲ್ಲ ಬಿಡಿ. ಆದರೆ ಯಾರೂ ಅವನ ಕಾರಿಗೆ ಬಂಡಲು ಕೊಡಲಿಲ್ಲ. ಬೇರೆ ಬೀದಿಯಿಂದ ಆಟೋ ಬಂದು ಹೇರಿಕೊಂಡು ಹೋಗತೊಡಗಿತು. ಮದ್ರಾಸಿನ ದಿನ ತಪ್ಪಿಹೋಯಿತು. ಅವನು ಬೆಳಿಗ್ಗೆ ನಡೆದುಕೊಂಡೇ ಕಟಿಂಗಿಗೆ ಹೋಗುವನು, ನಡೆದುಕೊಂಡೇ ಬರುವನು. ಫೋನಿನಲ್ಲಿ ಕಾರು ನೋಡುವುದನ್ನೂ ಬಿಟ್ಟ. ಅದನ್ನು ಬಿಡಲಿ ಎಂದು ನಾನೇ ಹರಕೆ ಹೊತ್ತಿದ್ದವಳು! ಈಗ ಬಿಟ್ಟನಲ್ಲ, ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಹೇಳಲು ಹೋಗಲಿಲ್ಲ ಅಂತಲ್ಲ. ಮೂರು ಸಲ ಹೋದೆ. ಮೊದಲ ಸಲ ಹತ್ತಿರ ನಿಂತು "ಸಾರಿಗೆ ಉಪ್ಪು ಸರೀಗೈತಾ?" ಎಂದು ಕೇಳಿ ಬಂದೆ. ಎರಡನೇ ಸಲ "ಬಿಸಿಲು ಜಾಸ್ತಿ ಅಲ್ವಾ?" ಎಂದೆ. ಮೂರನೇ ಸಲವೂ ಉಪ್ಪನ್ನೇ ಕೇಳಿದೆ. ಅವನು "ಇವತ್ತು ನೀನಿನ್ನೂ ಸಾರೇ ಮಾಡಿಲ್ವಲ್ಲಕ್ಕ" ಎಂದ.

ಇದಕ್ಕಿಂತ ನಾಚಿಕೆಯದು ಇನ್ನೊಂದು. ನಾನು ದಿನಾ ಅರಿಶಿನ, ಸುಣ್ಣ ಬಿಸಿ ಮಾಡಿಕೊಂಡು ಹೋಗಿ ಹುಲಿಗೆಮ್ಮನ ಕಾಲಿಗೆ ಹಚ್ಚುತ್ತಿದ್ದೆ. ಅವಳು ಕಾಲು ಚಾಚಿಕೊಂಡು ಕಣ್ಣಲ್ಲಿ ನೀರು ತಂದುಕೊಳ್ಳುವಳು. "ನಿಮ್ಮಂಥಾ ಅಕ್ಕನ ಬೆನ್ನಿಗೆ ಅಂಥವ ಹ್ಯಾಂಗ ಹುಟ್ಟಿದ್ನೋ ಯಕ್ಕಾ!" ಎಂದು ಮಂಡಕ್ಕಿ ಒಗ್ಗರಣೆ ತರಿಸಿ ನನ್ನ ಮುಂದೆ ಇಡುವಳು. ತಿನ್ನದೆ ಬರುತ್ತಿದ್ದೆ ಎಂದುಕೊಂಡಿರಾ? ತಿಂದು ಬರುತ್ತಿದ್ದೆ. ಒಂದು ದಿನ ಇನ್ನೊಂದು ಸ್ವಲ್ಪ ಹಾಕಿಸಿಕೊಂಡೆ ಕೂಡ.

ಹನ್ನೊಂದನೆಯ ದಿನ ಊಟಕ್ಕೆ ಕೂತಾಗ ಮಗಳು ಹೇಳಿದಳು. "ಮಾವ ಕಾರು ಮಾರ್ತಾನಂತಮ್ಮಾ. ನಾಳಿ ಹತ್ತಕ್ಕ ಬಳ್ಳಾರಿಯವರು ನೋಡಾಕ ಬರ್ತಾರಂತ."

ನಾನು ಕೈ ತೊಳೆದು ಎದ್ದೆ. ಅವನು ಹಿತ್ತಲಲ್ಲಿ ಕಾರು ಒರೆಸುತ್ತಿದ್ದ, ಮಾರುವ ಎಮ್ಮೆಗೆ ಮೈ ತೊಳೆಯುವ ಹಾಗೆ. ಊಟವಾದ ಮೇಲೆ ಅವನು ಅಳಿಯ. ಆದರೂ ನನ್ನ ಬಾಯಲ್ಲಿ ಬಂದದ್ದು ಬೇರೆ.

"ಲೇ ತಮ್ಮಾ. ಆ ಚಕ್ರಕ್ಕೆ ಎಣ್ಣೆ ಬಿಟ್ಟೋಳು ನಾನು."

ಅವನು ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಕ್ಕ."

"ಎಂಗೆ ಗೊತ್ತು?"

"ಹೊಲಿಗೆ ಮಿಷನ್ ಎಣ್ಣೆ ವಾಸ್ನೆ ಗೊತ್ತಾಗಾಕಿಲ್ವಾ ನಂಗೆ? ಅವತ್ತು ಚಕ್ರದ ಮುಂದೆ ಕುಂತಾಗಲೇ ಗೊತ್ತಾತು."

"ಮತ್ತ್ಯಾಕ್ಲಾ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಬೀದಿ ಎಲ್ಲಾ ನಿನ್ನ ಬಯ್ಯೋರು. ನನ್ನ ಬಯ್ದು ಅವ್ರಿಗೂ ರೂಢಿ ಐತೆ, ಬಯ್ಯಿಸ್ಕೊಂಡು ನಂಗೂ ರೂಢಿ ಐತೆ. ನಿಂಗೆ ರೂಢಿ ಇಲ್ಲ."

"ಆ ಪ್ಯಾಡು ಏನಾತು?"

"ಎಣ್ಣೆ ಕುಡಿದ ಪ್ಯಾಡು ಮತ್ತೆ ಬರಾಕಿಲ್ಲ ಕಣಕ್ಕ. ಗ್ಯಾರೇಜಿನೋನ ಕಣ್ಣಿಗೆ ಬಿದ್ರೆ ಊರಿಗೆಲ್ಲಾ ಸಾರ್ತಾನೆ ಅಂತ ನಾನೇ ಬಿಚ್ಚಿ ಬಾವಿಗೆ ಎಸೆದೆ. ತಟ್ಟೆ ತೊಳ್ದು ಹಳೇವನ್ನೇ ಹಾಕಿವ್ನಿ. ಊರಾಗೆ ಓಡಾಡೋಕೆ ಅವು ಸಾಕು."

ಮೂರು ದಿನ ಉಜ್ಜಿ, ಕೆರೆದು, ಮೂಸಿ ಆರಿಸಿದ್ದನ್ನು ನನಗೋಸ್ಕರ ಬಾವಿಗೆ ಹಾಕಿದ್ದ. ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು ಕಾರಿನ ಇನ್ನೊಂದು ಕಡೆ ಒರೆಸಿದೆ.

ಮಾರನೆಯ ಬೆಳಿಗ್ಗೆ, ಹೆಂಗಸರು ಆಟೋಗೆ ಕಾದು ಬಂಡಲುಗಳನ್ನು ಬಾಗಿಲಿಗೆ ತಂದಿಡುವ ಹೊತ್ತಿಗೆ, ಬೀದಿಯ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಎಣ್ಣೆ ಬಿಟ್ಟದ್ದು ನಾನು, ಡಬ್ಬಿ ಪೂರ್ತಿ ಬಿಟ್ಟೆ, ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ, ಅವನದೇನೂ ತಪ್ಪಿಲ್ಲ. ಮಿಷನ್ನುಗಳು ಒಂದೊಂದಾಗಿ ನಿಂತವು. ಹುಲಿಗೆಮ್ಮ ಕಟ್ಟೆಯ ಮೇಲಿಂದ ನನ್ನನ್ನೇ ನೋಡಿದಳು.

"ನನ್ನ ಕಾಲಿಗೆ ಅರಿಷಿಣ ಹಚ್ಚಿದ ಕೈ ಅದೇ ಏನಬೇ?"

"ಅದೇ," ಎಂದೆ.

ಕ್ಷಮಿಸಿದಳೋ ಇಲ್ಲವೋ ಎಂದು ನಾನು ಕಾಯಲಿಲ್ಲ. ಅವಳ ಬಾಗಿಲಲ್ಲಿದ್ದ ಬಂಡಲನ್ನು ಎತ್ತಿಕೊಂಡೆ. ಅವಳು ಬೇಡ ಎನ್ನಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತು, ಇಳಿಜಾರಿನ ಕಡೆಗೇ ಬಿಡು ಎಂದು ತಮ್ಮನಿಗೆ ಹೇಳಿದೆ. ಬಳ್ಳಾರಿಯವರು ಬಂದಾಗ ಕಾರು ಮನೆಯಲ್ಲಿರಲಿಲ್ಲ.